ಅಕ್ಕ ಕಳಿಸಿದ ಅಂಚು

ಕುಲಿವೋ, ಯೆಲ್ ದ್ವೀಪ, ಶೆಟ್‌ಲೆಂಡ್
9 ಸೆಪ್ಟೆಂಬರ್ 1997

ಮೀಮಕ್ಕಾ,

ನಾನು ಅರ್ಧ ನಿವೃತ್ತಳಾಗಿ ಒಂದು ತಿಂಗಳಾಯಿತು. ಶಾಲೆಯ ಅಡುಗೆಮನೆಗೆ ಇನ್ನು ಮಂಗಳವಾರ, ಗುರುವಾರ ಮಾತ್ರ. ಉಳಿದ ದಿನಗಳಲ್ಲಿ ಆರಾಮವಾಗಿ ಕೂತು ಹೆಣೆಯುತ್ತೇನೆ ಎಂದುಕೊಂಡಿದ್ದೆ. ಊರಿನವರೂ ಹಾಗೇ ಅಂದುಕೊಂಡಿದ್ದಾರೆ. ಅದೇ ತೊಂದರೆ. ಅಂಗಡಿಗೆ ಹಾಲು ತರಲು ಹೋದರೂ ಯಾರಾದರೂ ಹಿಡಿದು ನಿಲ್ಲಿಸುತ್ತಾರೆ. "ಈಗ ನಿಂಗೆ ಟೈಮ್ ಇದೆಯಲ್ಲ ಓಸ್ಲಾ, ನಮ್ಮ ಹುಡುಗನಿಗೊಂದು ಸ್ವೆಟರ್." ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಲೆರ್ವಿಕ್‌ನ ಅಂಗಡಿಯವರು ಕುತ್ತಿಗೆ ಸುತ್ತ ಚಿತ್ತಾರ ಇರುವ ಸ್ವೆಟರುಗಳನ್ನು ಕ್ರಿಸ್ಮಸ್ಸಿನೊಳಗೆ ಬೇಕು ಅಂದಿದ್ದಾರೆ. ಕುರ್ಚಿಗೊಂದು ಹೆಣಿಗೆ ಬಿದ್ದಿದೆ. ಮೊನ್ನೆ ಮ್ಯಾಗ್ನಿ ಹೆಣಿಗೆಯ ಕಡ್ಡಿಯ ಮೇಲೆ ಕೂತು ಎದ್ದು, "ಈ ಮನೇಲಿ ನಂಗೆ ಕೂರೋಕೆ ಜಾಗ ಎಲ್ಲಿದೆ ಅಂತ ಒಂದು ಬೋರ್ಡ್ ಹಾಕ್ಬಿಡೇ" ಅಂದ. ಗಂಡ ಅನ್ನಿಸಿಕೊಂಡವನು ಹಡಗುಕಟ್ಟೆಯ ಕೆಲಸ ಬಿಟ್ಟಮೇಲೆ ದಿನವಿಡೀ ಮನೆಯಲ್ಲೇ. ಹಿಂದಿನ ಕೋಣೆಯಲ್ಲಿ ಅತ್ತೆ. ತೊಂಬತ್ತು ದಾಟಿದರೂ ನಾಲಗೆಗೆ ವಯಸ್ಸಾಗಿಲ್ಲ.

ಈಗ ಸುದ್ದಿ. ನಮ್ಮ ಮಗಳು ರೋನಾ ಬಸುರಿ. ಜನವರಿಯಲ್ಲಿ ಹೆರಿಗೆ, ಮೇ ತಿಂಗಳ ಮೊದಲ ಭಾನುವಾರ ಇಲ್ಲಿಯ ಚರ್ಚಿನಲ್ಲೇ ನಾಮಕರಣ. ನಾಮಕರಣಕ್ಕೆ ಮಗುವಿಗೆ ಹೊದಿಸುವ ಅಮ್ಮನ ಹಳೇ ಶಾಲನ್ನು ನುಸಿ ತಿಂದದ್ದು ನಿನಗೆ ಗೊತ್ತು. ಹೊಸದು ಆಗಬೇಕು. ಅಮ್ಮ ನೂತ ಒಂಟಿ ಎಳೆಯ ಉಣ್ಣೆಯಲ್ಲಿ ಎರಡು ಲಡಿ ಉಳಿದಿವೆ. ಇನ್ನಿಲ್ಲ. ಒಂದನ್ನು ಈ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ.

ಅಂಚು ನಿನ್ನದು, ಅಕ್ಕ. ಯಾವತ್ತೂ ನಿನ್ನದೇ ಆಗಿತ್ತು. ಈಗಿನ ಹುಡುಗಿಯರು ನಡುವಿನಿಂದ ಶುರು ಮಾಡಿ ಕೊನೆಗೆ ಅಂಚು ಕಟ್ಟುತ್ತಾರೆ, ಬೇಗ ಆಗುತ್ತದಂತೆ. ನನಗೆ ಅಮ್ಮನ ರೀತಿ ಬಿಟ್ಟರೆ ಬೇರೆ ಬರುವುದಿಲ್ಲ. ನಿನ್ನ ಅಂಚು ಬಂದಮೇಲೆ ಅದರಿಂದಲೇ ಕಡ್ಡಿಗೆ ಕುಣಿಕೆ ಎತ್ತಿಕೊಂಡು ಒಳಕ್ಕೆ ಹೆಣೆಯುತ್ತೇನೆ. ಅಲ್ಲಿಯವರೆಗೆ ನನ್ನ ಕೈ ಕಟ್ಟಿದ ಹಾಗೆ. ನವೆಂಬರಿನೊಳಗೆ ಆದೀತಾ?

ನಿನ್ನ
ಓಸ್ಲಾ


ಇನ್ವರ್‌ಕಾರ್ಗಿಲ್, ನ್ಯೂಜಿಲೆಂಡ್
28 ಸೆಪ್ಟೆಂಬರ್

ಓಸ್ಲಾ,

ಲಡಿ ಬಂತು. ಮೂಗಿಗೆ ಹಿಡಿದೆ. ಅಮ್ಮನ ಅಡುಗೆಮನೆಯ ಹೊಗೆ ವಾಸನೆ ಇನ್ನೂ ಇದೆ.

ರೋನಾಗೆ ನನ್ನ ಮುತ್ತು. ಅಂಚು ಮಾಡುತ್ತೇನೆ.

ನಾನೂ ನಿನ್ನ ಹಾಗೆ ಅರ್ಧ ನಿವೃತ್ತಳಾದೆ. ಉಣ್ಣೆ ಅಂಗಡಿಗೆ ವಾರಕ್ಕೆ ಎರಡು ಬೆಳಗ್ಗೆ ಮಾತ್ರ ಹೋಗುತ್ತೇನೆ. ಸಾಕಾಯಿತು. ಇಲ್ಲಿ ವಸಂತ, ಕುರಿಮರಿಗಳ ಕಾಲ. ಕಾಲಿನ್ ಮತ್ತು ಶೆರಿಲ್ ಪಕ್ಕದ ಬೀದಿಗೇ ಮನೆ ಬದಲಾಯಿಸಿದ್ದಾರೆ. ಸೊಸೆ ದಿನಾ ಬಂದು ಹೋಗುತ್ತಾಳೆ.

ಮೀಮಾ


ಕುಲಿವೋ
30 ಅಕ್ಟೋಬರ್

ಮೀಮಕ್ಕಾ,

ನಿನ್ನ ಕಾಗದ ನೋಡಿ ನಗು ಬಂತು. ಒಂದು ಹಾಳೆಗೆ ಐದೇ ಸಾಲು, ಒಂದೊಂದು ಅಕ್ಷರವೂ ಬ್ಯಾನಕ್ ರೊಟ್ಟಿಯಷ್ಟು. ನಾನೇನು ಒಂದನೇ ಕ್ಲಾಸಿನ ಹುಡುಗಿಯೇ? ಬರೆಯಲು ಬೇಜಾರಾಗಿ ಹಾಳೆ ತುಂಬಿಸುವ ಉಪಾಯ ಇದು, ನನಗೆ ಗೊತ್ತಾಗುತ್ತದೆ. ನಿನಗೀಗ ಸೊಸೆ ಬಂದು ಚಹಾ ಮಾಡಿಕೊಡುತ್ತಾಳೆ, ಆಯಿತಪ್ಪ. ನನ್ನ ಅರ್ಧ ನಿವೃತ್ತಿ ಹೇಗಿದೆ ಕೇಳು.

ನಿನ್ನೆ ಬುಧವಾರ, ಅಂದರೆ ನನ್ನ ರಜೆ. ಅತ್ತೆಗೆ ಸ್ನಾನ ಮಾಡಿಸಿದೆ. ಕೋಳಿ ನೋಡಿದೆ. ಉಪ್ಪು ಹಾಕಿ ಒಣಗಿಸಿದ ಕುರಿಮಾಂಸದ ಸೂಪು ಒಲೆಗಿಟ್ಟು ಸೊಂಟಕ್ಕೆ ಚರ್ಮದ ಪಟ್ಟಿ ಕಟ್ಟಿ, ಕಡ್ಡಿ ಸಿಕ್ಕಿಸಿ ಒಂದು ತೋಳು ಶುರು ಮಾಡಿದೆ ಅಷ್ಟೆ, ಶಾಲೆಯಿಂದ ಫೋನು, ಗುರುವಾರದ ಮೀನು ಬಂದಿಲ್ಲ ಏನು ಮಾಡೋಣ ಅಂತ. ಫೋನು ಇಟ್ಟು ಬರುವಷ್ಟರಲ್ಲಿ ಮ್ಯಾಗ್ನಿ ನನಗೆ ಸಹಾಯ ಮಾಡೋಣ ಎಂದು ನಾಲ್ಕು ಬಣ್ಣದ ಉಣ್ಣೆಯನ್ನು ಒಂದೇ ಉಂಡೆಯಾಗಿ ಸುತ್ತಿದ್ದ. "ಬೇರೆ ಬೇರೆ ಇದ್ರೆ ಉರುಳಿ ಹೋಗುತ್ತೆ ಅಂತ ಒಟ್ಟಿಗೆ ಹಾಕ್ದೆ ಕಣೇ" ಅಂದ. ಬೈಯಲೂ ಆಗಲಿಲ್ಲ, ಅಷ್ಟು ಖುಷಿಯಲ್ಲಿದ್ದ. ಸಂಜೆಯವರೆಗೆ ಬಿಡಿಸಿದೆ. ಅತ್ತೆ ಬಾಗಿಲಲ್ಲಿ ನಿಂತು, "ಕೆಲಸಕ್ಕೆ ಹೋಗ್ತಿದ್ದಾಗ್ಲೇ ಹೆಚ್ಚು ಹೆಣೀತಿದ್ದೆ ನೀನು" ಅಂದರು. ಅದು ನಿಜ. ಅದಕ್ಕೇ ಅಳು ಬಂತು.

ಅಂಚು ಎಲ್ಲಿಗೆ ಬಂತು? ಫೋನು ಮಾಡಿದರೆ ನಾವಿಬ್ಬರೂ "ಚೆನ್ನಾಗಿದ್ದೀನಿ" ಅನ್ನುವುದರಲ್ಲೇ ಮಾತು ಮುಗಿಸುತ್ತೇವೆ. ಬರೆ.

ಓಸ್ಲಾ


ಇನ್ವರ್‌ಕಾರ್ಗಿಲ್
24 ನವೆಂಬರ್

ಓಸ್ಲಾ,

ಅಂಚು ಮುಗಿಯಿತು. ಇದರ ಜೊತೆಗಿದೆ. ನಾಲ್ಕೂ ಬದಿಗೆ ಆಗುವಷ್ಟು ಉದ್ದ ಇದೆ.

ಅಲ್ಲಲ್ಲಿ ದಾರಿ ತಪ್ಪಿದ್ದೇನೆ. ಇರಲಿ ಬಿಡು. ಸರಿ ಮಾಡಲು ಹೋಗಬೇಡ. ಹಾಗೇ ಎತ್ತಿಕೋ.

ಮೀಮಾ


ಕುಲಿವೋ
9 ಡಿಸೆಂಬರ್

ಮೀಮಕ್ಕಾ,

ಅಂಚು ತಲುಪಿತು. ದೊಡ್ಡ ಉಪಕಾರ. ಕೈಗೆ ತೆಗೆದುಕೊಂಡಿದ್ದೇನೆ.

ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಳ್ಳಲೇ ಇಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಎಳೆಯುತ್ತಾ ಹೋಗಿ, "ನಿಮ್ಮಕ್ಕ ಇದನ್ನ ಕತ್ತಲಲ್ಲಿ ಕೂತು ಹೆಣೆದಿದ್ದಾಳಾ?" ಅಂದರು. ನಾನು, "ನ್ಯೂಜಿಲೆಂಡಿನಲ್ಲಿ ಕರೆಂಟು ತುಟ್ಟಿ ಇರಬೇಕು ಅತ್ತೆ" ಅಂದೆ. ಮ್ಯಾಗ್ನಿ, "ಟೀವಿ ನೋಡ್ತಾ ಹೆಣೆದಿರ್ತಾಳೆ ಬಿಡು" ಅಂದ. ಕೋಪ ಮಾಡಿಕೊಳ್ಳಬೇಡ, ಇಲ್ಲಿ ನಗಲು ಬೇರೆ ವಿಷಯ ಇಲ್ಲ.

ಹೊತ್ತು ಒಂಬತ್ತಕ್ಕೆ ಮೂಡಿ ಮೂರಕ್ಕೆ ಮುಳುಗುತ್ತದೆ. ಬಿಳಿ ಎಳೆಯ ಕೆಲಸ ಕಿಟಕಿಯ ಬೆಳಕಿನಲ್ಲಿ ಮಾತ್ರ ಸಾಧ್ಯ. ಆ ಹೊತ್ತಿನಲ್ಲೇ ಎಲ್ಲರಿಗೂ ನಾನು ಬೇಕು. ಲೆರ್ವಿಕ್‌ನವರ ಸ್ವೆಟರುಗಳಲ್ಲಿ ಎರಡು ಇನ್ನೂ ತೋಳಿಲ್ಲದೆ ಬಿದ್ದಿವೆ.

ಕ್ರಿಸ್ಮಸ್ ಶುಭಾಶಯ. ಕಾಲಿನ್, ಶೆರಿಲ್ ಇಬ್ಬರಿಗೂ ಹೇಳು.

ಓಸ್ಲಾ


ಕುಲಿವೋ
2 ಫೆಬ್ರವರಿ 1998

ಮೀಮಕ್ಕಾ,

ಇದು ನಾನು ಬರೆಯುತ್ತಿರುವ ಮೂರನೇ ಕಾಗದ. ಹೊಸ ವರ್ಷದ್ದಕ್ಕೆ ಉತ್ತರವಿಲ್ಲ. ಮಗು ಹುಟ್ಟಿದ್ದಕ್ಕೆ ಒಂದು ಸಾಲಿಲ್ಲ. ಫೋನು ಮಾಡಿದರೆ ಶೆರಿಲ್ ಎತ್ತಿಕೊಂಡು, "ಅತ್ತೆ ಮಲಗಿದ್ದಾರೆ ಆಂಟಿ" ಅನ್ನುತ್ತಾಳೆ. ಇಲ್ಲಿ ಬೆಳಗ್ಗೆ ಇದ್ದಾಗ ಅಲ್ಲಿ ರಾತ್ರಿ, ಒಪ್ಪಿದೆ. ಇಲ್ಲಿ ಸಂಜೆ ಇದ್ದಾಗಲೂ ಮಲಗಿರುತ್ತೀಯಾ?

ಕತ್ತಲಲ್ಲಿ ಹೆಣೆದ ಮಾತಿಗೆ ಬೇಜಾರಾಯಿತೇ? ಅದು ತೊಂಬತ್ತು ದಾಟಿದ ಮುದುಕಿ ಆಡಿದ ಮಾತು. ನಿನಗೆ ವಾರಕ್ಕೆ ಎರಡು ಬೆಳಗ್ಗೆ ಕೆಲಸ. ಅತ್ತೆ ಇಲ್ಲ, ಕೋಳಿ ಇಲ್ಲ, ಕಾಲಿಗೆ ತೊಡರುವ ಗಂಡನೂ ಇಲ್ಲ, ಪಾಪ ಜಾರ್ಜ್ ಹೋಗಿ ಆರು ವರ್ಷವಾಯಿತು. ನಾಲ್ಕು ಸಾಲು ಬರೆಯಲು ಆಗುವುದಿಲ್ಲವೇ? ನಾನು ಈ ಕಾಗದವನ್ನು ಊರಿನ ಸಭಾಭವನದ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಈ ತಿಂಗಳ ಬೆಂಕಿ ಹಬ್ಬಕ್ಕೆ ಊರಿಗೆಲ್ಲಾ ಸೂಪು, "ನಿಂಗೆ ಟೈಮ್ ಇದೆಯಲ್ಲ" ಅಂತ ನನ್ನ ತಲೆಗೇ ಕಟ್ಟಿದ್ದಾರೆ.

ಮಗು ಹೆಣ್ಣು. ಅಮ್ಮನ ಹೆಸರು, ಜೆರೋಮಿನಾ. ಕೂದಲು ಕೆಂಪು. ಶಾಲು ಅರ್ಧ ದಾಟಿದೆ.

ಓಸ್ಲಾ


ಇನ್ವರ್‌ಕಾರ್ಗಿಲ್
15 ಫೆಬ್ರವರಿ

ಓಸ್ಲಾ,

ಈ ಅಕ್ಷರ ಶೆರಿಲ್‌ದು. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಏನೂ ಸೇರಿಸಬಾರದು, ಬಿಡಬಾರದು ಎಂದು ಹೇಳಿದ್ದೇನೆ.

ನನ್ನ ಕಣ್ಣು ಹೋಗಿದೆ. ಪೂರ್ತಿ ಕತ್ತಲಲ್ಲ. ನಡುಭಾಗ ಹೋಗಿದೆ, ಸುತ್ತಲಿನದು ಮಂಜು ಮಂಜಾಗಿ ಕಾಣುತ್ತದೆ. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಎರಡು ವರ್ಷದಿಂದ ನಿಧಾನವಾಗಿ ಹೋಯಿತು. ಡಾಕ್ಟರು ಮಾಡುವಂಥದ್ದು ಏನೂ ಇಲ್ಲವಂತೆ. ಅಂಗಡಿಯನ್ನು ನಾನು ಸಾಕಾಯಿತೆಂದು ಬಿಟ್ಟದ್ದಲ್ಲ. ಒಬ್ಬಾಕೆ ಹಸಿರು ಕೇಳಿದಳು, ಬೂದು ಬಣ್ಣದ್ದು ಕಟ್ಟಿಕೊಟ್ಟೆ. ಎರಡನೇ ಸಲ ಹಾಗಾದಾಗ ನಾನೇ ಹೇಳಿದೆ. ಕ್ರಿಸ್ಮಸ್ಸಿನಿಂದ ಆ ಎರಡು ಬೆಳಗ್ಗೆಯೂ ಇಲ್ಲ.

ನಿನಗೆ ಹೇಳಲಿಲ್ಲ. ಯಾಕೆ ಅಂತ ಕೇಳಬೇಡ. ನೀನು ಅಂಚು ಕೇಳಿದೆಯಲ್ಲ, ಹೇಳಿದ್ದರೆ ಕೇಳುತ್ತಿರಲಿಲ್ಲ.

ಅದನ್ನು ಬೆರಳಲ್ಲೇ ಹೆಣೆದೆ. ನಾಲ್ಕು ಬೆರಳು ಅಗಲದ ಪಟ್ಟಿ, ಚಿಕ್ಕಂದಿನಿಂದ ಮಾಡಿದ್ದು, ಕೈಗೆ ಗೊತ್ತು ಎಂದುಕೊಂಡೆ. ಎಷ್ಟೋ ಕಡೆ ಕುಣಿಕೆ ಜಾರಿತು. ಎಲ್ಲಿ ಜಾರಿತು ಅನ್ನುವುದು ಮುಂದೆ ಹೋದಮೇಲೆ ತಿಳಿಯುತ್ತಿತ್ತು, ಹಿಂದೆ ಬರಲು ಧೈರ್ಯವಿರಲಿಲ್ಲ. ಅದಕ್ಕೇ ಹಾಗೇ ಎತ್ತಿಕೋ ಅಂದದ್ದು. ನಿನ್ನ ಅತ್ತೆ ಹೇಳಿದ್ದು ಸರಿ. ಆ ಕಾಗದವನ್ನು ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರವಾಗಿ ಓದಿದೆ. ಓದಿ ಮುಗಿಸುವಾಗ ಮಧ್ಯಾಹ್ನ ಕಳೆದಿತ್ತು. ಆಮೇಲೆ ಬರೆಯಲು ಮನಸ್ಸಾಗಲಿಲ್ಲ. ಕೋಪ ಅಲ್ಲ. ನನ್ನ ಹೆಣಿಗೆ ಮುಟ್ಟಿ ನೋಡಿಯೇ ಕಂಡುಹಿಡಿದರಲ್ಲ ಎಂದು ನಾಚಿಕೆ.

ಅದು ನನ್ನ ಕೊನೇ ಕೆಲಸ. ಕಡ್ಡಿಗಳನ್ನು ಶೆರಿಲ್‌ಗೆ ಕೊಟ್ಟುಬಿಟ್ಟೆ.

ಒಂದು ಕೇಳುತ್ತೇನೆ. ಶಾಲು ಮುಗಿದ ಮೇಲೆ, ನಾಮಕರಣಕ್ಕೆ ಮುಂಚೆ, ಒಂದು ಸಲ ಇಲ್ಲಿಗೆ ಕಳಿಸುತ್ತೀಯಾ? ಒಂದು ದಿನ ಇಟ್ಟುಕೊಂಡು ವಾಪಸ್ಸು ಕಳಿಸುತ್ತೇನೆ. ಅಂಚನ್ನು ಒಂದು ಸುತ್ತು ಮುಟ್ಟಬೇಕು.

ಮೀಮಾ

ಆಂಟಿ, ನಾನು ಶೆರಿಲ್. ಅತ್ತೆ ಬೇಡ ಅಂದರೂ ಇದೊಂದು ಸೇರಿಸುತ್ತೇನೆ. ದಯವಿಟ್ಟು ಕಳಿಸಿ.


ಕುಲಿವೋ
27 ಫೆಬ್ರವರಿ

ಮೀಮಕ್ಕಾ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಶೆರಿಲ್ ಓದಿ ಹೇಳಬೇಕಾಗುತ್ತದೆ. ಆದರೂ ನಿನಗಲ್ಲದೆ ಬೇರೆ ಯಾರಿಗೆ ಬರೆಯಲಿ?

ನೀನು ಕಳಿಸಿದ ಅಂಚು ಇಲ್ಲ.

ಅದು ಬಂದ ಮಾರನೇ ದಿನ ಕಿಟಕಿಯ ಬಳಿ ಹಿಡಿದು ನೋಡಿದೆ. ಅಂಚಿನ ಗರಗಸದಂಥ ಹಲ್ಲುಗಳು ಒಂದು ದೊಡ್ಡದು, ಒಂದು ಚಿಕ್ಕದು. ಕಿಂಡಿ ಇರಬೇಕಾದಲ್ಲಿ ಕಿಂಡಿಯಿಲ್ಲ, ಇರಬಾರದ ಕಡೆ ಎರಡಿವೆ. ನನಗೆ ಸಿಟ್ಟು ಬಂತು ಅಕ್ಕ. ನಾನು ಇಷ್ಟೆಲ್ಲದರ ನಡುವೆ ಒದ್ದಾಡುತ್ತಿರುವಾಗ ನೀನು ಕಾಲು ಚಾಚಿ ಕೂತು ಅಮ್ಮನ ಉಣ್ಣೆಯನ್ನು ಹೀಗೆ ಮಾಡಿದೆಯಲ್ಲ ಎಂದು. ನಾಮಕರಣದ ದಿನ ಸಭಾಭವನದಲ್ಲಿ ಹೆಂಗಸರು ಮಗುವಿನ ಮುಖ ನೋಡುವ ಮೊದಲು ಶಾಲಿನ ಅಂಚು ನೋಡುತ್ತಾರೆ. ನೋಡಿ ಸುಮ್ಮನಾಗುತ್ತಾರೆ. ಆ ಸುಮ್ಮನಿರುವುದು ಹೇಗಿರುತ್ತದೆ ಎಂದು ನಿನಗೂ ಗೊತ್ತು.

ಬಿಚ್ಚಿದೆ. ಅಮ್ಮನ ಉಣ್ಣೆಯ ಇನ್ನೊಂದು ಲಡಿ ಒಳಭಾಗಕ್ಕೇ ಬೇಕಿತ್ತು, ಇದನ್ನೇ ಬಿಚ್ಚಿ ಇದರಲ್ಲೇ ಹೆಣೆಯಬೇಕಿತ್ತು. ಒಂಟಿ ಎಳೆ, ರೋಮ ರೋಮಕ್ಕೆ ಅಂಟಿಕೊಂಡಿತ್ತು, ನಿಧಾನವಾಗಿ ಎಳೆಯಬೇಕಾಯಿತು. ಬಂದ ಎಳೆ ಸುರುಳಿ ಸುರುಳಿಯಾಗಿತ್ತು. ನೀರಿಗೆ ಅದ್ದಿ, ಕೆಳಗೆ ಭಾರ ಕಟ್ಟಿ ನೇತುಹಾಕಿ ನೇರ ಮಾಡಿದೆ. ಆಮೇಲೆ ಮೊದಲ ಹಲ್ಲಿನಿಂದ ಕೊನೆಯ ಹಲ್ಲಿನವರೆಗೆ ನಾನೇ ಹೆಣೆದೆ. ನಿನ್ನ ಕೈಯದು ಒಂದು ಕುಣಿಕೆಯೂ ಅದರಲ್ಲಿ ಉಳಿದಿಲ್ಲ.

ಮೊನ್ನೆ ನಿನ್ನ ಕಾಗದ ಓದಿ ಮ್ಯಾಗ್ನಿಗೆ ಹೇಳಿದೆ. ಅವನು ಪೈಪು ಕುಟ್ಟಿ ಖಾಲಿ ಮಾಡಿದ. "ತಿರುಗಿ ಬಿಚ್ಚಿ, ಅವಳು ಮಾಡಿದ ಹಾಗೇ ತಪ್ಪು ತಪ್ಪಾಗಿ ಹೆಣೆದುಬಿಡೇ" ಅಂದ. ಅವನಿಗೆ ಹೇಗೆ ಹೇಳಲಿ? ಇಡೀ ಶಾಲು ಅಂಚಿನ ಮೇಲೆ ನಿಂತಿದೆ. ಅಂಚು ಬಿಚ್ಚಬೇಕಾದರೆ ಎಲ್ಲವನ್ನೂ ಬಿಚ್ಚಬೇಕು. ಬಿಚ್ಚಿದರೂ ಈ ಎಳೆ ಇನ್ನೊಂದು ಸಲ ತಡೆಯುವುದಿಲ್ಲ. ತಡೆದರೂ ನಿನ್ನ ತಪ್ಪುಗಳು ಎಲ್ಲೆಲ್ಲಿ ಇದ್ದವು ಎಂದು ನನಗೆ ನೆನಪಿಲ್ಲ. ಬಿಚ್ಚುವಾಗ ನಾನು ನೋಡುತ್ತಿರಲಿಲ್ಲ. ಎಳೆಯುತ್ತಿದ್ದೆ, ಬರುತ್ತಿತ್ತು.

"ಹಾಗಾದ್ರೆ ಕಳಿಸು, ಏನೂ ಹೇಳ್ಬೇಡ" ಅಂದ ಮ್ಯಾಗ್ನಿ.

ಅತ್ತೆ ಹಿಂದಿನ ಕೋಣೆಯಿಂದ, "ಅವಳ ಬೆರಳಿಗೆ ಏನು ಹೇಳ್ತೀಯೋ?" ಅಂದರು. ನಮ್ಮ ಗೋಡೆ ತೆಳ್ಳಗಿದೆ.

ಕಳಿಸದಿದ್ದರೆ ಯಾಕೆ ಎಂದು ನೀನು ಕೇಳುತ್ತೀಯ. ಕಳಿಸಿದರೆ ಕೇಳುವ ಅಗತ್ಯವೇ ಇರುವುದಿಲ್ಲ. ಈಗ ಮಂಗಳವಾರ, ಗುರುವಾರ ಶಾಲೆಯಲ್ಲಿ ಮಕ್ಕಳ ಆಲೂಗಡ್ಡೆ ಸುಲಿಯುವಾಗ ಮಾತ್ರ ನನಗೆ ಸ್ವಲ್ಪ ಸಮಾಧಾನ. ಉಳಿದ ದಿನಗಳಲ್ಲಿ ಶಾಲು ಮಡಿಲಲ್ಲೇ ಇರುತ್ತದೆ. ಹೆಣೆಯುತ್ತಾ ಹೋಗುತ್ತೇನೆ. ಬೇರೆ ಏನು ಮಾಡಲಿ?

ಓ.


ಕುಲಿವೋ
14 ಮಾರ್ಚ್

ಮೀಮಕ್ಕಾ,

ಶಾಲು ಮುಗಿಯಿತು. ತೊಳೆದು ಚೌಕಟ್ಟಿಗೆ ಬಿಗಿದು ಒಣಗಿಸಿ ಕಳಿಸುತ್ತಿದ್ದೇನೆ. ಶೆರಿಲ್, ಕೈಯ ಉಂಗುರ ತೆಗೆದಿಟ್ಟು ಮಡಿಕೆ ಬಿಡಿಸಮ್ಮ, ಸಿಕ್ಕಿಕೊಳ್ಳುತ್ತದೆ.

ಕಣ್ಣಿನ ವಿಷಯ ಏನು ಬರೆಯಲಿ, ಗೊತ್ತಾಗುತ್ತಿಲ್ಲ. ಮೂರು ಹಾಳೆ ಹರಿದು ಹಾಕಿದೆ. ಅಕ್ಷರ ದೊಡ್ಡದಾಯಿತು ಎಂದು ನಕ್ಕಿದ್ದೆನಲ್ಲ, ಅದನ್ನು ಮರೆತುಬಿಡು.

ಅವಸರ ಬೇಡ. ಎಷ್ಟು ದಿನ ಬೇಕಾದರೂ ಇಟ್ಟುಕೋ. ಏಪ್ರಿಲ್ ಕೊನೆಗೆ ಇಲ್ಲಿಗೆ ಬಂದರೆ ಸಾಕು.

ಓಸ್ಲಾ


ಇನ್ವರ್‌ಕಾರ್ಗಿಲ್
5 ಏಪ್ರಿಲ್

ಓಸ್ಲಾ,

ಶೆರಿಲ್ ಕೈಯಲ್ಲೇ ಬರೆಸುತ್ತಿದ್ದೇನೆ.

ಶಾಲು ಬಂತು. ಶೆರಿಲ್ ಅಡುಗೆಮನೆಯ ಮೇಜಿನ ಮೇಲೆ ಶುಭ್ರವಾದ ಬಟ್ಟೆ ಹಾಸಿ ಅದರ ಮೇಲೆ ಹರಡಿದಳು. ನಡುವನ್ನು ಆಮೇಲೆ ನೋಡುತ್ತೇನೆಂದು ಒಂದು ಮೂಲೆಯಿಂದ ಅಂಚು ಹಿಡಿದು ಹೊರಟೆ. ನಿಜ ಹೇಳಲೇ? ಹೆದರಿಕೊಂಡೇ ಹೊರಟೆ. ಮೊದಲ ಬದಿ ಮುಗಿಯಿತು, ತಪ್ಪು ಸಿಗಲಿಲ್ಲ. ಎರಡನೆಯದೂ ಹಾಗೇ. ನನಗೆ ಒಂದು ಅನುಮಾನ ಬಂತು. ಬೇಜಾರು ಮಾಡಿಕೊಳ್ಳಬೇಡ, ಹೇಳಿಬಿಡುತ್ತೇನೆ. ಚಿಕ್ಕವಳಿದ್ದಾಗ ನಾನು ಹೆಣೆದದ್ದನ್ನು ನಾನು ಹೊರಗೆ ಹೋದಾಗ ಬಿಚ್ಚಿ ನೆಟ್ಟಗೆ ಮಾಡಿಡುತ್ತಿದ್ದೆಯಲ್ಲ, ಈಗಲೂ ಹಾಗೇ ಮಾಡಿದೆಯೋ ಎಂದುಕೊಂಡೆ. ಕೈ ನಿಂತುಬಿಟ್ಟಿತು. ಶೆರಿಲ್, "ಏನಾಯ್ತು ಅತ್ತೆ?" ಅಂದಳು. ಏನಿಲ್ಲ ಅಂದೆ. ಮುಂದೆ ಹೋಗಲು ಮನಸ್ಸಿರಲಿಲ್ಲ, ಆದರೂ ಹೋದೆ.

ಮೂರನೇ ಬದಿಯಲ್ಲಿ, ಮೂಲೆಗೆ ಸ್ವಲ್ಪ ಈಚೆಗೆ ಸಿಕ್ಕಿತು. ಒಂದು ಹಲ್ಲಿನಲ್ಲಿ ಕಿಂಡಿಯಿಲ್ಲ. ಕಡ್ಡಿಗೆ ಎಳೆ ಸುತ್ತಿಕೊಳ್ಳಲು ಮರೆತು ಮುಂದೆ ಹೋದದ್ದು. ನನ್ನ ಬೆರಳು ಅಲ್ಲಿ ನಿಂತಾಗ ಆದ ಸಮಾಧಾನ ಶೆರಿಲ್‌ಗೆ ಬರೆಯಲು ಬರುವುದಿಲ್ಲ. ಸರಿ ಮಾಡುವವಳಾಗಿದ್ದರೆ ಅದನ್ನು ಬಿಡುತ್ತಿದ್ದೆಯಾ? ನಿನ್ನ ಕಣ್ಣು ತಪ್ಪಿಸಿ ಒಂದು ಕಿಂಡಿ ಉಳಿಯುವುದು ಉಂಟೇ? ಅದು ನಾನು ಬಿಟ್ಟದ್ದೇ. ನನಗೆ ಗೊತ್ತಾಯಿತು. ನಿನ್ನನ್ನು ಅನುಮಾನಿಸಿದ್ದಕ್ಕೆ ಕ್ಷಮಿಸು ಮಾರಾಯ್ತಿ.

ಅಂದರೆ ನಾನು ಅಂದುಕೊಂಡಷ್ಟು ಕೆಟ್ಟದಾಗಿ ಹೆಣೆದಿರಲಿಲ್ಲ. ಅದೆಷ್ಟು ತಪ್ಪುಗಳಿವೆಯೋ ಎಂದು ಹೆದರಿದ್ದೆ. ಒಂದೇ ಒಂದು. ಹೆದರಿಕೆಯಲ್ಲಿ ಎಲ್ಲವೂ ತಪ್ಪು ಅನ್ನಿಸಿತ್ತೇನೋ. ಕಣ್ಣು ಹೋದರೂ ಕೈ ಹೋಗಿಲ್ಲ ಓಸ್ಲಾ. ಕಡ್ಡಿಗಳನ್ನು ಶೆರಿಲ್‌ಳಿಂದ ವಾಪಸ್ಸು ಇಸಿದುಕೊಂಡೆ. ಅವಳು ಈ ಸಾಲು ಬರೆಯುವಾಗ ನಗುತ್ತಿದ್ದಾಳೆ.

ಉಣ್ಣೆ ತರಿಸಿದ್ದೇನೆ. ಮತ್ತೊಂದು ಅಂಚು ಶುರು ಮಾಡಿದ್ದೇನೆ. ರೋನಾಗೆ ಎರಡನೆಯದು ಆದೀತು, ಆಗದಿದ್ದರೆ ಯಾರಿಗಾದರೂ ಆದೀತು. ನೀನು ಒಳಭಾಗ ಮಾಡುತ್ತೀಯಲ್ಲ? ನಿನಗೆ ಕೆಲಸ ಜಾಸ್ತಿ, ಗೊತ್ತು. ನಿಧಾನವಾಗಿ ಮಾಡು.

ಶಾಲನ್ನು ನಾಳೆ ಕಾಲಿನ್ ಅಂಚೆಗೆ ಹಾಕುತ್ತಾನೆ.

ಮೀಮಾ


ಕುಲಿವೋ
20 ಏಪ್ರಿಲ್

ಮೀಮಕ್ಕಾ,

ಶಾಲು ಜೋಪಾನವಾಗಿ ತಲುಪಿತು. ಶೆರಿಲ್ ಚೆನ್ನಾಗಿ ಮಡಿಸಿದ್ದಾಳೆ, ನನ್ನ ಥ್ಯಾಂಕ್ಸ್ ಹೇಳು. ಇದನ್ನು ಅವಳೇ ಓದುತ್ತಿದ್ದಾಳಲ್ಲ, ಕೇಳಿಸಿತು ಬಿಡು.

ನೀನು ಹೇಳಿದ ಜಾಗವನ್ನು ಕಿಟಕಿಯ ಬಳಿ ಹಿಡಿದು ಹುಡುಕಿದೆ. ಮೂರನೇ ಬದಿ, ಮೂಲೆಗೆ ಈಚೆ. ಇದೆ. ಇಷ್ಟು ತಿಂಗಳು ಮಡಿಲಲ್ಲಿ ಇಟ್ಟುಕೊಂಡು ಹೆಣೆದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಸೊಂಟದ ಪಟ್ಟಿಯಲ್ಲಿ ಒಂದು ಕಡ್ಡಿ, ಒಲೆಯ ಮೇಲೆ ಸೂಪು, ಕಿವಿಗೆ ಫೋನು, ಹೀಗೆ ದಿನ ಕಳೆದರೆ ಏನು ತಾನೇ ಕಂಡೀತು?

ಅತ್ತೆ ಪಕ್ಕದಲ್ಲೇ ಕೂತಿದ್ದರು. ಶಾಲನ್ನು ಎಳೆದುಕೊಂಡು ಆ ಹಲ್ಲನ್ನು ಬೆರಳ ನಡುವೆ ಹಿಡಿದು, "ಇದು ಯಾರದ್ದು?" ಅಂದರು.

"ಅಕ್ಕಂದು" ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ, "ಚಹಾ ಮಾಡು ಹೋಗು, ಗಂಟಲು ಒಣಗಿದೆ" ಅಂದರು.

ಹೌದು ಅಕ್ಕ, ಅದು ನಿನ್ನದೇ. ಹಾಗೇ ಇದೆ.

ಲೆರ್ವಿಕ್‌ನವರಿಗೆ ಈ ಬೇಸಿಗೆಗೆ ಸ್ವೆಟರು ಆಗುವುದಿಲ್ಲ ಎಂದು ಹೇಳಲು ಫೋನು ಎತ್ತಿದೆ. ಮಾತು ಮುಗಿಯುವಾಗ ಇನ್ನೂ ಎರಡಕ್ಕೆ ಒಪ್ಪಿಕೊಂಡಿದ್ದೆ. ಮ್ಯಾಗ್ನಿ ಒಲೆ ಉರಿಸುವ ಪೀಟ್ ಮಣ್ಣು ಕಡಿಯಲು ಬೆಟ್ಟಕ್ಕೆ ಹೊರಟಿದ್ದಾನೆ, ಬುತ್ತಿ ಕಟ್ಟಬೇಕು. ನಾಳೆ ಮಂಗಳವಾರ, ಶಾಲೆಯಲ್ಲಿ ಮೀನು.

ಹೊಸ ಅಂಚು ಮುಗಿದ ಕೂಡಲೇ ಕಳಿಸು. ಬಂದ ಹಾಗೇ ಎತ್ತಿಕೊಳ್ಳುತ್ತೇನೆ.

ನಿನ್ನ
ಓಸ್ಲಾ